ಕೋಣೆ ಬೇಡವೆಂದು ಮಸ್ಕತ್ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ

ಟಾಂಜಾನಿಯಾಕ್ಕೆ ಹೋಗಿ ಬಂದೆ ಎಂದರೆ ಎಲ್ಲರೂ ಕೇಳುವುದು ಸಿಂಹದ ಬಗ್ಗೆ. ಸಿಂಹ ಇತ್ತು. ಮಲಗಿತ್ತು. ನಾನು ಹೋದದ್ದು ಸಿಂಹಕ್ಕಲ್ಲ, ಜಿರಾಫೆಗೆ. ಹೈದರಾಬಾದಿನ ಮಹಿಳಾ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ, ಜಿರಾಫೆಯ ಕುತ್ತಿಗೆಯಲ್ಲೂ ಮನುಷ್ಯನ ಕುತ್ತಿಗೆಯಷ್ಟೇ ಮೂಳೆಗಳಿರುತ್ತವೆ ಎಂದು ವರ್ಷ ವರ್ಷವೂ ಹೇಳಿ ಹೇಳಿ, ಒಮ್ಮೆಯಾದರೂ ಅದನ್ನು ಬೇಲಿ ಇಲ್ಲದ ಕಡೆ ನೋಡಬೇಕೆಂಬ ಹುಚ್ಚು ಹತ್ತಿತ್ತು. ನಿವೃತ್ತಿಯಾದ ಮೇಲೆ ಹೋದೆ, ನೋಡಿದೆ. ಅದೂ ನನ್ನನ್ನು ನೋಡಿತು. ಇಬ್ಬರಿಗೂ ಪರಸ್ಪರ ಹೇಳುವಂಥದ್ದೇನೂ ಇರಲಿಲ್ಲ.

ಆದ್ದರಿಂದ ಈ ಬರಹದಲ್ಲಿ ಆಫ್ರಿಕಾ ಇಲ್ಲ. ಇರುವುದು ಒಮಾನಿನ ಮಸ್ಕತ್. ವಾಪಸು ಬರುವಾಗ ವಿಮಾನ ಬದಲಿಸಲು ಅಲ್ಲಿ ಇಳಿದೆವು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಯಬೇಕಿತ್ತು. ನೋಡಲೆಂದು ಹೋದ ಖಂಡ ಮರೆತುಹೋಗುತ್ತಿದೆ, ಕಾಯಲೆಂದು ಇಳಿದ ಊರು ಕಣ್ಣಿಗೆ ಕಟ್ಟಿದಂತಿದೆ.

ನಾವು ಮೂವರಿದ್ದೆವು. ನಾನು ಗಿರಿಜಾ. ನನ್ನ ಅಣ್ಣ ಸಂಗಮೇಶ, ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರ್. ಅತ್ತಿಗೆ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ, ಕಾಚಿಗುಡದ ನಮ್ಮ ಮನೆಯ ಮಹಡಿಯ ಮೇಲೆ ಇರುತ್ತಾನೆ. ಮೂರನೆಯವಳು ನಾಗರತ್ನ. ನನ್ನದೇ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವಳು, ಮೈಸೂರಿನವಳು, ಮದುವೆ ಮಾಡಿಕೊಳ್ಳದವಳು. ಆಫ್ರಿಕಾಕ್ಕೆ ಹೋಗುವುದು ಅವಳದೂ ನನ್ನದೂ ಸೇರಿದ ಹಳೆಯ ಯೋಜನೆ. ಇಬ್ಬರು ಹೆಂಗಸರೇ ಹೇಗೆ ಹೋಗುತ್ತೀರಿ ಎಂದು ನೆಂಟರು ಕಳವಳಪಟ್ಟದ್ದಕ್ಕೆ ಅಣ್ಣನನ್ನು ಕಾವಲಿಗೆಂದು ಸೇರಿಸಿಕೊಂಡೆವು. ದಾರಿಯುದ್ದಕ್ಕೂ ಅವನ ಕನ್ನಡಕ, ಮಾತ್ರೆ, ಪಾಸ್‌ಪೋರ್ಟುಗಳನ್ನು ನಾವೇ ಕಾದೆವು. ನನ್ನ ಯಜಮಾನರು ಬರಲಿಲ್ಲ. ಅವರಿಗೆ ವಿಮಾನದ ಮೇಲೆ ನಂಬಿಕೆಯಿಲ್ಲ, ಅದು ಹಾರುವುದನ್ನು ಕಣ್ಣಾರೆ ನೋಡಿದ ಮೇಲೂ.

ಈಗ ನಮ್ಮ ಮನೆತನದ ಒಂದು ಕಾಯಿಲೆಯ ಬಗ್ಗೆ ಹೇಳಬೇಕು. ನಾವು ಲಿಂಗಸುಗೂರಿನ ಕಡೆಯವರು. ನಿಜಾಮರ ಕಾಲದಲ್ಲಿ ಅಜ್ಜ ನೌಕರಿಗೆಂದು ಹೈದರಾಬಾದಿಗೆ ಬಂದು ಅಲ್ಲೇ ಉಳಿದ. ನಮ್ಮವರಲ್ಲಿ ಯಾರಾದರೂ ಏನಾದರೂ ಬೇಕೇ ಎಂದು ಕೇಳಿದರೆ ಮೊದಲು ಬೇಡ ಅನ್ನಬೇಕು. ಎರಡನೆಯ ಸಲ ಕೇಳಿದಾಗಲೂ ಬೇಡವೇ, ಆದರೆ ಸ್ವಲ್ಪ ಮೆತ್ತಗೆ. ಮೂರನೆಯ ಸಲ ಕೇಳಿದರೆ, ‘ನೀವು ಇಷ್ಟು ಅಂತೀರಂದ್ರ...’ ಎಂದು ತಟ್ಟೆ ಮುಂದೆ ಸರಿಸಬೇಕು. ಮೊದಲ ಸಲಕ್ಕೇ ಹೂಂ ಅಂದವರನ್ನು ಹಸಿದು ಬಂದವರು ಎನ್ನುತ್ತಾರೆ, ಮೂರನೆಯ ಸಲ ಕೇಳದವರನ್ನು ಜಿಪುಣರು ಎನ್ನುತ್ತಾರೆ. ಇದರ ಮೇಲೆ ಹೈದರಾಬಾದಿನ ತಕಲ್ಲುಫ್, ಆ ಉಪಚಾರದ ಸಂಕೋಚ, ಬೇರೆ. ಇಬ್ಬರು ಸಭ್ಯರು ಬಾಗಿಲಲ್ಲಿ ನಿಂತು ‘ಮೊದಲು ನೀವು’, ‘ಇಲ್ಲ, ಮೊದಲು ನೀವು’ ಎನ್ನುತ್ತಲೇ ಒಳಗಿನ ಸಭೆ ಮುಗಿದುಹೋಗಬಲ್ಲ ಊರು ನಮ್ಮದು. ಅಣ್ಣನಲ್ಲಿ ಇವೆರಡೂ ಬೆರೆತು ಸಿಮೆಂಟಿನಂತೆ ಗಟ್ಟಿಯಾಗಿವೆ. ಊಟಕ್ಕೆ ಕರೆದ ಮನೆಗಳಿಂದ ಅವನು ಹಸಿದುಕೊಂಡು ಬಂದದ್ದುಂಟು.

ಕಳೆದ ಯುಗಾದಿಗೆ ನಾಗರತ್ನ ನಮ್ಮ ಮನೆಗೆ ಬಂದಿದ್ದಳು. ನಾನು ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದೆ. ಹೊರಗೆ ಅವಳು ಅಣ್ಣನನ್ನು ನೇರವಾಗಿ ಕೇಳಿದಳು.

“ಸಂಗಮೇಶ್ ಅವರೇ, ನಾವಿಬ್ಬರೂ ಮದುವೆ ಆಗಬಹುದಲ್ವಾ? ನಿಮಗೇನನ್ಸತ್ತೆ?”

ಹಂಚಿನ ಮೇಲಿದ್ದ ಹೋಳಿಗೆ ಸೀದುಹೋಯಿತು. ಅಣ್ಣನ ಉತ್ತರ ಸ್ಪಷ್ಟವಾಗಿ ಕೇಳಿಸಿತು.

“ಛೇ ಛೇ, ಬ್ಯಾಡ್ರಿ ಮೇಡಂ. ನಿಮಗ್ಯಾಕ ಸುಮ್ನ ತ್ರಾಸು.”

ಮೈಸೂರಿನಲ್ಲಿ ಬೇಡ ಎಂದರೆ ಬೇಡ. ಅವಳು “ಸರಿ” ಎಂದಳು. ಹೋಳಿಗೆ ತಿಂದಳು, ಚೆನ್ನಾಗಿದೆ ಎಂದಳು, ಆಟೋ ಹಿಡಿದು ಉಪ್ಪಲ್ ಬಡಾವಣೆಯ ತನ್ನ ಮನೆಗೆ ಹೋದಳು. ಅಣ್ಣ ಬಾಗಿಲಲ್ಲೇ ನಿಂತಿದ್ದ. “ಇನ್ನೊಮ್ಮಿ ಕೇಳಲೇ ಇಲ್ಲಲ್ಲ ಗಿರಿಜಾ,” ಎಂದ. ಈಗಲೇ ಹೋಗಿ ಅವಳಿಗೆ ಬಿಡಿಸಿ ಹೇಳುತ್ತೇನೆ ಎಂದರೆ ತನ್ನ ಮೇಲೆ ಆಣೆ ಹಾಕಿಸಿದ. “ನೀ ಹೇಳಿ ಕೇಳ್ಸಿದ್ರ ಅದೇನು ಕೇಳಿದಂಗ ಆಗ್ತೈತಿ?”

ಅವನು ಎರಡನೆಯ ಪ್ರಶ್ನೆಗೆ ಕಾಯುತ್ತ ಕುಳಿತ. ಅತ್ತ ಅವಳು ಬಾಡಿಗೆ ಮನೆ ಖಾಲಿ ಮಾಡಿ, ಸಾಮಾನನ್ನೆಲ್ಲ ಲಾರಿಗೆ ಹೇರಿ ಮೈಸೂರಿನ ಅಕ್ಕನ ಮನೆಗೆ ಕಳಿಸಿದಳು. ಪ್ರವಾಸ ಮುಗಿಸಿ ನೇರ ಅಲ್ಲಿಗೇ ಹೋಗುವವಳಿದ್ದಳು. ಮಸ್ಕತ್ತಿನಿಂದ ಅವಳ ವಿಮಾನ ಬೆಂಗಳೂರಿಗೆ, ನಮ್ಮದು ಹೈದರಾಬಾದಿಗೆ. ಆಫ್ರಿಕಾದಲ್ಲಿ ಇದ್ದಷ್ಟು ದಿನ ಇಬ್ಬರೂ ಜೀಪಿನ ಎರಡು ಬದಿ ಕುಳಿತು ಬೇರೆ ಬೇರೆ ಪ್ರಾಣಿಗಳನ್ನು ನೋಡಿದರು. ಮಸ್ಕತ್ತಿನ ಆ ಒಂದು ಹಗಲಿನಲ್ಲಿ ಯಾರಾದರೂ ಬಾಯಿ ಬಿಡದಿದ್ದರೆ ಇವರ ಕಥೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ನನ್ನ ಬಾಯಿಗೆ ಆಣೆಯ ಬೀಗ ಬಿದ್ದಿತ್ತು.

ಬೆಳಿಗ್ಗೆ, ವಿಮಾನ ನಿಲ್ದಾಣ

ಇಳಿದ ಕೂಡಲೇ ವಿಮಾನ ಕಂಪನಿಯ ಕೌಂಟರಿನಲ್ಲಿದ್ದ ಹುಡುಗಿ ನಮ್ಮ ಟಿಕೆಟ್ ನೋಡಿ, ನೀವು ಸಂಜೆಯವರೆಗೆ ಕಾಯಬೇಕಲ್ಲ, ಹೋಟೆಲಿನಲ್ಲಿ ಕೋಣೆ ಕೊಡಲೇ, ಕಂಪನಿಯದೇ ಖರ್ಚು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ರಾತ್ರಿಯಿಡೀ ಕುಳಿತು ನಮ್ಮ ಬೆನ್ನು ಹಪ್ಪಳವಾಗಿತ್ತು. ನಾಗರತ್ನಳ ಕಣ್ಣಲ್ಲಿ ಹಾಸಿಗೆ ಕಾಣುತ್ತಿತ್ತು. ಅಷ್ಟರಲ್ಲಿ ನಮ್ಮ ಕಾವಲುಗಾರ ಮುಂದೆ ಬಂದು, ಎದೆಯ ಮೇಲೆ ಕೈಯಿಟ್ಟು, ಸ್ವಲ್ಪ ಬಾಗಿ, “ನೋ ನೋ ಮೇಡಂ, ಸುಮ್ಮನೆ ನಿಮಗೇಕೆ ತೊಂದರೆ,” ಎಂದು ಇಂಗ್ಲಿಷಿನಲ್ಲೇ ಹೇಳಿಬಿಟ್ಟ.

“ಓಕೆ ಸರ್,” ಎಂದಳು ಹುಡುಗಿ. “ನೆಕ್ಸ್ಟ್!”

ಅಣ್ಣ ನಗುತ್ತ ನಿಂತೇ ಇದ್ದ. ಆ ನಗು ಎರಡನೆಯ ಸಲದ ಪ್ರಶ್ನೆಗಾಗಿ ಇಟ್ಟುಕೊಂಡದ್ದು. ನಮ್ಮ ಹಿಂದಿದ್ದ ಕುಟುಂಬ ಅವನನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಯಿತು, ಕೇಳುವ ಮೊದಲೇ ಕೋಣೆ ಬೇಕೆಂದಿತು, ಬೆಳಗಿನ ತಿಂಡಿಯೂ ಉಂಟೇ ಎಂದು ವಿಚಾರಿಸಿತು.

“ಈಕಿ ಮತ್ತ ಕೇಳೂದಿಲ್ಲೇನು?” ಎಂದ ಅಣ್ಣ ನನ್ನ ಕಡೆ ತಿರುಗಿ.

“ನೀವೇ ಬೇಡ ಅಂದ್ರಲ್ಲಾ ಸಾರ್,” ಎಂದಳು ನಾಗರತ್ನ.

“ಅದು ಹಂಗಲ್ರಿ ಮೇಡಂ, ನಾ ಬ್ಯಾಡ ಅಂದಿದ್ದು...” ಎಂದು ಶುರು ಮಾಡಿ, ಏನೋ ನೆನಪಾದಂತೆ ನಿಲ್ಲಿಸಿದ. ಇನ್ನೊಂದೇ ಒಂದು ವಾಕ್ಯ ಹೇಳಿದ್ದರೆ ನಾನು ಈ ಬರಹ ಬರೆಯಬೇಕಿರಲಿಲ್ಲ. ಹೇಳಲಿಲ್ಲ. ಕೆಮ್ಮಿದ.

ನಾನು ಕೌಂಟರಿಗೆ ಮರಳಿ ಹೋದಾಗ ಕೋಣೆಗಳು ಮುಗಿದಿದ್ದವು. ಹುಡುಗಿಗೆ ನಿಜಕ್ಕೂ ಬೇಸರವಾಯಿತು, ನನಗೆ ಅವಳಿಗಿಂತ ಹೆಚ್ಚು. ವೀಸಾ ಮಾತ್ರ ಮೊದಲೇ ಮಾಡಿಸಿಟ್ಟಿದ್ದೆ, ಸಮಯ ಸಿಕ್ಕರೆ ಇರಲಿ ಎಂದು. ಸಮಯವೇನೋ ಧಾರಾಳವಾಗಿ ಸಿಕ್ಕಿತ್ತು. ಕೈಚೀಲಗಳನ್ನು ಹೆಗಲಿಗೇರಿಸಿ ಟ್ಯಾಕ್ಸಿ ಹತ್ತಿದೆವು.

ಸಮುದ್ರ ದಂಡೆಯ ರಸ್ತೆ

ಮಸ್ಕತ್ ಬಿಳಿಯ ಊರು. ಮನೆಗಳೆಲ್ಲ ಬಿಳಿ, ಗಂಡಸರ ಅಂಗಿಗಳೂ ಬಿಳಿ, ಹಿಂದೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡಗಳು. ಬಂಡೆ ನೋಡಿ ಬೆಳೆದ ನಮಗೆ ಗುಡ್ಡಗಳು ನೆಂಟರಂತೆ ಕಂಡವು. ಆದರೆ ನಮ್ಮಲ್ಲಿ ಬಂಡೆ ಕಂಡರೆ ಒಡೆದು ಅಪಾರ್ಟ್‌ಮೆಂಟ್ ಕಟ್ಟುತ್ತೇವೆ. ಇವರು ಬಂಡೆಯನ್ನು ಅದರ ಪಾಡಿಗೆ ಬಿಟ್ಟು ಕೆಳಗೆ ಮನೆ ಕಟ್ಟಿಕೊಂಡಿದ್ದಾರೆ. ಕಾರು ಕೊಳೆಯಾಗಿದ್ದರೆ ಇಲ್ಲಿ ದಂಡ ಎಂದು ಟ್ಯಾಕ್ಸಿಯವನು ಹೇಳಿದ. ನಮ್ಮೂರಿನಲ್ಲಿ ಈ ಕಾನೂನು ತಂದರೆ ಸರ್ಕಾರಕ್ಕೆ ಬೇರೆ ತೆರಿಗೆಯೇ ಬೇಕಾಗುವುದಿಲ್ಲ ಎಂದು ಅಣ್ಣ ಲೆಕ್ಕ ಹಾಕಿದ.

ಮತ್ರಾ ಎಂಬಲ್ಲಿ ಇಳಿದೆವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಳೆಯ ಪೇಟೆ, ನಡುವೆ ಅಗಲವಾದ ರಸ್ತೆ. ನಾವು ಸಮುದ್ರದ ಕಡೆ ಇದ್ದೆವು, ಪೇಟೆಗೆ ಹೋಗಬೇಕಿತ್ತು.

ಹೈದರಾಬಾದಿನಲ್ಲಿ ರಸ್ತೆ ದಾಟುವುದು ನನಗೆ ಚೆನ್ನಾಗಿ ಬರುತ್ತದೆ. ಬರುವ ವಾಹನದ ಕಡೆ ನೋಡಬಾರದು, ಅಂಗೈ ಚಾಚಬೇಕು, ದೇವರ ಮೇಲೆ ಭಾರ ಹಾಕಿ ನಡೆಯಬೇಕು. ಇಲ್ಲಿ ಅಂಗೈ ಚಾಚುವ ಮೊದಲೇ ಒಂದು ದೊಡ್ಡ ಕಾರು ಸುಮ್ಮನೆ ನಿಂತುಬಿಟ್ಟಿತು. ಯಾರಿಗಾಗಿ ನಿಂತಿತೆಂದು ಮೂವರೂ ಹಿಂದೆ ತಿರುಗಿ ನೋಡಿದೆವು. ಹಿಂದೆ ಸಮುದ್ರ. ನಮಗಾಗಿಯೇ ಎಂದು ತಿಳಿದಾಗ ಅಣ್ಣನಿಗೆ ಬಹಳ ಸಂಕೋಚವಾಯಿತು. ಇಷ್ಟು ದೊಡ್ಡ ಕಾರಿನವನನ್ನು ನಡೆದುಹೋಗುವವರು ಕಾಯಿಸುವುದೇ! ನೀವು ಹೋಗಿ ಎಂದು ಕೈಮಾಡಿದ. ಒಳಗಿದ್ದ ಮನುಷ್ಯ, ಇಲ್ಲ, ನೀವು ಎಂದು ಕೈಮಾಡಿದ. ಅಣ್ಣ ಮತ್ತೆ. ಅವನೂ ಮತ್ತೆ. ಅವನ ಹಿಂದೆ ಕಾರುಗಳ ಸಾಲು ಬೆಳೆಯಿತು. ಒಬ್ಬನೂ ಹಾರ್ನ್ ಮಾಡಲಿಲ್ಲ, ಅದೇ ಭಯವಾಗುತ್ತಿತ್ತು.

ಕೊನೆಗೆ ನಾಗರತ್ನ “ಅವರು ದಾಟಿ ಅಂತಿದ್ದಾರೆ, ದಾಟಬೇಕಪ್ಪ ಅಷ್ಟೇ,” ಎಂದು ಗಟ್ಟಿಯಾಗಿ ಹೇಳಿ, ಸೀರೆಯ ನೆರಿಗೆ ಹಿಡಿದು ದಾಟಿಯೇ ಬಿಟ್ಟಳು. ನಾನು ಅವಳ ಹಿಂದೆ ಓಡಿದೆ. ಅಣ್ಣ ನಡುರಸ್ತೆಯಲ್ಲಿ ನಿಂತು ಕಾರಿನವನಿಗೆ ಸಲಾಮು ಮಾಡಿ ಬಂದ.

“ಭಾಳ ದೊಡ್ಡ ಮನಶಾ,” ಎಂದ.

“ನಿಮ್ಮಿಂದ ಅವರಿಗೆ ಲೇಟಾಯ್ತು,” ಎಂದಳು ಅವಳು.

ಅವಳ ದನಿಯಲ್ಲಿ ಬರಿಯ ರಸ್ತೆಯ ಸಿಟ್ಟು ಇರಲಿಲ್ಲ. ಅಣ್ಣನಿಗೂ ಅದು ತಾಗಿತು.

ಲೋಬಾನಿನ ಅಂಗಡಿ

ಹಳೆಯ ಪೇಟೆಯ ಓಣಿಗಳ ಮೇಲೆ ಮರದ ಸೂರಿದೆ. ಒಳಗೆ ಹೊಕ್ಕರೆ ಮೊದಲು ಎದುರಾಗುವುದು ಲೋಬಾನಿನ, ಅಂದರೆ ಧೂಪದ ಅಂಟಿನ, ಘಮ. ನಮ್ಮ ಚಾರ್‌ಮಿನಾರಿನ ಕಡೆ ಲೋಬಾನಿನ ಹೊಗೆ ಒಬ್ಬನ ಕೈಯಲ್ಲಿ ಕುಳಿತು ಅಂಗಡಿಯಿಂದ ಅಂಗಡಿಗೆ ನಡೆದು ಬರುತ್ತದೆ. ಇಲ್ಲಿ ಅದು ಪ್ರತಿ ಅಂಗಡಿಯ ಹೊಸಿಲಲ್ಲೂ ಖಾಯಂ ಆಗಿ ನೆಲೆಸಿದೆ. ನಾಗರತ್ನ ಗಿಡಮರಗಳ ಮೇಡಂ ಅಲ್ಲವೇ, ಒಂದೊಂದು ಅಂಟಿನ ಹರಳನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನಾವು ತಡವಾಗಿ ಹೋಗಿದ್ದೆವು. ಮಧ್ಯಾಹ್ನವಾಗುತ್ತಿದ್ದ ಹಾಗೆ ಅಂಗಡಿಗಳು ಒಂದರ ಹಿಂದೊಂದು ಬಾಗಿಲೆಳೆದುಕೊಂಡವು. ಊರಿಗೆ ಊರೇ ಮಲಗಲು ಹೊರಟಿತ್ತು. ಬೆಳಿಗ್ಗೆ ನಾವು ಬೇಡವೆಂದ ನಿದ್ದೆಯನ್ನು ಈಗ ಇವರೆಲ್ಲ ಮಾಡಲಿದ್ದರು.

ಮೂವರೂ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆವು. ಒಳಗಿದ್ದ ಯಜಮಾನರು ಬಿಳಿಯ ನಿಲುವಂಗಿಯ, ಕಸೂತಿ ಟೋಪಿಯ ವೃದ್ಧರು. ಹರೆಯದಲ್ಲಿ ಮುಂಬಯಿಯಲ್ಲಿ ಇದ್ದವರಂತೆ, ಹಿಂದಿ ನಮ್ಮಷ್ಟೇ ಆಡುತ್ತಿದ್ದರು. ಒಳಗೆ ಬನ್ನಿ, ಕಾಫಿ ಕುಡಿಯಿರಿ ಎಂದರು. ಅಣ್ಣ ಬೇಡ ಎಂದ. ಅವರು ಮತ್ತೆ ಕರೆದರು. ಅಣ್ಣ ಇಲ್ಲ ಇಲ್ಲ ಎಂದ, ಸ್ವಲ್ಪ ಮೆತ್ತಗೆ. ಅವರು ಎದ್ದು ಬಂದು ಅಣ್ಣನ ತೋಳು ಹಿಡಿದು ಒಳಗೆ ಕರೆದೊಯ್ದರು. ಬೆಳಗಿನಿಂದ ಮೊದಲ ಬಾರಿ ಅಣ್ಣನ ಮುಖ ಅರಳಿತು. ಭೂಮಿಯ ಮೇಲೆ ಕೊನೆಗೂ ಅವನಿಗೆ ಅರ್ಥವಾಗುವ ಒಂದು ದೇಶ ಸಿಕ್ಕಿತ್ತು.

ಮೊದಲು ಖರ್ಜೂರ. ಆಮೇಲೆ ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಲ್ಲಿ ಕಾಫಿ, ತಳದಲ್ಲಿ ಸ್ವಲ್ಪವೇ. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯೇ ಏಲಕ್ಕಿ.

“ಇದು ಕಾಫೀನೋ ಕಷಾಯಾನೋ?” ಎಂದು ನಾಗರತ್ನ ನನ್ನ ಕಿವಿಯಲ್ಲಿ ಹೇಳಿದಳು. ಮೈಸೂರಿನವರ ಬಾಯಿಯಿಂದ ಕಾಫಿಗೆ ಅಷ್ಟು ಸುಲಭವಾಗಿ ಪಾಸ್ ಮಾರ್ಕು ಸಿಗುವುದಿಲ್ಲ. ಆದರೆ ಮೂರನೆಯ ಗುಟುಕಿಗೆ ಅವಳ ಹುಬ್ಬು ಕೆಳಗಿಳಿಯಿತು. ಇನ್ನಷ್ಟು ಬೇಕೆಂಬ ಆಸೆಯಿಂದಲೇ, ತಳದಲ್ಲಿ ಉಳಿದ ಹನಿಯನ್ನು ಅಭ್ಯಾಸದಂತೆ ಕೊಡವಿ ಬಟ್ಟಲನ್ನು ಮುಂದೆ ಹಿಡಿದಳು. ಯಜಮಾನರು ಅದನ್ನು ಇಸಿದುಕೊಂಡು ಪಕ್ಕಕ್ಕಿಟ್ಟರು. ಮತ್ತೆ ಕೊಡಲಿಲ್ಲ.

ಅಣ್ಣನದು ಬೇರೆಯೇ ಪಾಡು. “ಬಸ್, ಬಹುತ್ ಶುಕ್ರಿಯಾ,” ಎನ್ನುತ್ತ ಬಟ್ಟಲು ಮುಂದೆ ಚಾಚುತ್ತಿದ್ದ, ಅವರು ಸುರಿಯುತ್ತಿದ್ದರು. ಸುರಿದದ್ದನ್ನು ಬಿಡುವುದು ಮರ್ಯಾದೆಯಲ್ಲವೆಂದು ಕುಡಿಯುತ್ತಿದ್ದ. ಮತ್ತೆ “ಬಸ್,” ಮತ್ತೆ ಕಾಫಿ. ಬೇಕೆಂದವಳಿಗೆ ಇಲ್ಲ, ಬೇಡವೆಂದವನಿಗೆ ಧಾರೆ. ಅಣ್ಣನ ಹಣೆಯ ಮೇಲೆ ಬೆವರು ಮೂಡಿತು. ನಾಗರತ್ನ ತಡೆಯಲಾರದೆ ತನ್ನ ಕಾಲೇಜು ಹಿಂದಿಯಲ್ಲಿ ಕೇಳಿಯೇಬಿಟ್ಟಳು: ಅವರು ಬೇಡ ಅಂತಿದ್ದಾರಲ್ಲ, ಯಾಕೆ ಹಾಕುತ್ತೀರಿ?

ಯಜಮಾನರು ನಕ್ಕರು. ಬಾಯಲ್ಲಿ ಎಲ್ಲರೂ ಬೇಡ ಎನ್ನುತ್ತಾರೆ, ಅದನ್ನು ನಂಬಿ ಸುಮ್ಮನಾದರೆ ಅತಿಥಿಗೆ ಅವಮಾನ ಮಾಡಿದ ಹಾಗೆ ಎಂದರು. ನಿಜವಾಗಿ ಸಾಕಾದರೆ ಬಟ್ಟಲನ್ನು ಹೀಗೆ ಅಲ್ಲಾಡಿಸಬೇಕು, ನೀವು ಮಾಡಿದಿರಲ್ಲ ಹಾಗೆ. ಆಮೇಲೆ ನಾವು ಕೇಳುವುದಿಲ್ಲ.

“ಎಷ್ಟು ಛಲೋ ಪದ್ಧತಿ ನೋಡ್ರಿ ಮೇಡಂ,” ಎಂದ ಅಣ್ಣ, ಬಟ್ಟಲನ್ನು ಗಡಗಡ ಅಲ್ಲಾಡಿಸುತ್ತ.

“ಯಾಕೆ, ನಿಮ್ಮ ಕಡೇನೂ ಹೀಗೇನಾ?” ಎಂದಳು ನಾಗರತ್ನ.

ಅಣ್ಣ ಅವಳನ್ನು ನೋಡಿದ, ನನ್ನನ್ನು ನೋಡಿದ, ಮೇಲಿನ ಮರದ ಸೂರನ್ನು ನೋಡಿದ. ಆಮೇಲೆ ದೀನವಾಗಿ, “ಗಿರಿಜಾ, ಇಲ್ಲಿ ಬಾತ್‌ರೂಮ್ ಎಲ್ಲೈತಿ ಒಂದ್ ಸ್ವಲ್ಪ ಕೇಳವ್ವಾ,” ಎಂದ. ಅಷ್ಟು ಕಾಫಿ ಹೊಟ್ಟೆಗೆ ಹೋದ ಮೇಲೆ ಅದು ನೆಪವೂ ಆಗಿರಲಿಲ್ಲ. ಯಜಮಾನರು ಪೇಟೆಯ ಇನ್ನೊಂದು ತುದಿಯತ್ತ ಕೈತೋರಿಸಿದರು. ಅವನು ಅವಸರವಾಗಿ ಹೋದ.

ಸಮುದ್ರದ ಕಟ್ಟೆ

ಅಂಗಡಿ ಮುಚ್ಚಿತು. ನಾವಿಬ್ಬರೂ ರಸ್ತೆ ದಾಟಿ ಸಮುದ್ರದ ಕಟ್ಟೆಯ ಮೇಲೆ ಕುಳಿತೆವು. ಚಳಿಗಾಲದ ಬಿಸಿಲು ಹಿತವಾಗಿತ್ತು, ಕೆಳಗೆ ನೀರಿನಲ್ಲಿ ಸಣ್ಣ ಮೀನುಗಳು ಕಾಣುತ್ತಿದ್ದವು. ಯುಗಾದಿಯಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದು ಗಂಟಲಿಗೆ ಬಂದಿತ್ತು.

“ನಾಗರತ್ನ, ಒಂದ್ ಮಾತು ಹೇಳ್ತೀನಿ. ಹೇಳಬಾರ್ದಂತ ಅಣ್ಣ ಆಣಿ ಹಾಕಿಸ್ಯಾನ. ಆದ್ರ ಆಣಿ ಹಾಕಿಸಿದ್ದು ಹೈದರಾಬಾದಿನಾಗ, ಒಮಾನಿನಾಗ ನಡ್ಯೂದಿಲ್ಲ.”

“ಏನದು?”

“ಯುಗಾದಿ ದಿನ ಅವ ಬ್ಯಾಡ ಅಂದನಲ್ಲ, ಅದು ಬ್ಯಾಡ ಅಲ್ಲ.”

“ಮತ್ತೇನು?”

“ಮರ್ಯಾದಿ. ನೀ ಇನ್ನೆರಡು ಸಲ ಕೇಳಬೇಕಾಗಿತ್ತು. ಅವ ಇವತ್ತಿಗೂ ಕಾಯಾಕತ್ತಾನ.”

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ನನ್ನ ಕಡೆ ತಿರುಗಿದಾಗ ಮುಖ ಕೆಂಪಾಗಿತ್ತು.

“ನಾನೇನು ಒಬ್ಬಟ್ಟು ಬಡಿಸ್ತಿದ್ನಾ ಗಿರಿಜಾ, ಇನ್ನೊಂದು ಹಾಕ್ಲಾ ಇನ್ನೊಂದು ಹಾಕ್ಲಾ ಅಂತ ಕೇಳಕ್ಕೆ? ಆ ಒಂದ್ಸಲ ಕೇಳಕ್ಕೆ ನಂಗೆ ಎಷ್ಟು ವರ್ಷ ಬೇಕಾಯ್ತು ಗೊತ್ತಾ ನಿಂಗೆ? ಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತಿದೀನಿ ಕಣೇ. ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಂತ ನನ್ನನ್ನ ನಾನೇ ಬೈಕೊಂಡಿದೀನಿ. ಇಡೀ ಮನೆ ಕಿತ್ಕೊಂಡು ಹೊರಟಿದೀನಿ. ಅವರು ಅಲ್ಲಿ ಕೂತ್ಕೊಂಡು ಮರ್ಯಾದೆ ಮಾಡ್ತಿದ್ರಾ?”

ನಮ್ಮ ಮನೆಯ ಈ ಮೂರು ಸಲದ ಶಾಸ್ತ್ರವನ್ನು ನಾನು ಎಷ್ಟು ಕಡೆ ತಮಾಷೆಯಾಗಿ ಹೇಳಿ ನಗಿಸಿದ್ದೇನೋ. ಅದು ಒಬ್ಬಳನ್ನು ಬಾಗಿಲು ಹಾಕಿಕೊಂಡು ಅಳುವಂತೆ ಮಾಡಿತ್ತು. ನನ್ನ ಗೆಳತಿಯನ್ನು. ತುಂಬ ನೋವಾಯಿತು. ಅವಳ ಕೈ ಹಿಡಿದುಕೊಂಡೆ.

“ಈಗರ ಇನ್ನೊಮ್ಮಿ ಕೇಳವಾ,” ಎಂದೆ.

“ಸಾಧ್ಯಾನೇ ಇಲ್ಲ. ನನ್ನ ಸರದಿ ಮುಗೀತು. ಬೇಕಿದ್ರೆ ಅವರೇ ಕೇಳಲಿ. ನಾನು ವಿಮಾನ ಹತ್ತೋವರೆಗೂ ಟೈಮಿದೆ.”

ದೂರದಲ್ಲಿ ಅಣ್ಣ ಹಗುರಾದ ಹೆಜ್ಜೆ ಹಾಕುತ್ತ ಬರುತ್ತಿದ್ದ. ಅವಳು ಎದ್ದು ಮುಂದೆ ಮುಂದೆ ನಡೆದಳು. ನಾನು ಅವನ ತೋಳು ಹಿಡಿದು ಎಲ್ಲವನ್ನೂ ಹೇಳಿದೆ, ಅಳುವಿನ ಮಾತನ್ನೂ ಬಿಡದೆ. ಅಣ್ಣ ದಂಡೆಯ ಕಂಬಿಗೆ ಆನಿಕೊಂಡ.

“ಅತ್ತಿದ್ರಂತೇನು?” ಎಂದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, “ಅತ್ತಿದ್ರಂತೇನು?” ಎಂದ.

“ಈಗ ನೀನ ಕೇಳಬೇಕು. ಇವತ್ತ.”

“ಅವ್ರು ಬ್ಯಾಡ ಅಂದ್ರ?”

“ಅಂದ್ರ ಅಂದ್ರು. ಆಕಿಗೂ ಒಮ್ಮಿ ಹಂಗ ಆಗೇತಲ್ಲ.”

ವಿಮಾನ ನಿಲ್ದಾಣಕ್ಕೆ ಮರಳುವಾಗ ಅಣ್ಣ ಟ್ಯಾಕ್ಸಿಯಲ್ಲಿ ಮುಂದೆ ಕುಳಿತ. ಒಂದೆರಡು ಸಲ ಹಿಂದೆ ತಿರುಗಿ, ಗಂಟಲು ಸರಿಮಾಡಿಕೊಂಡು, “ಮೇಡಂ...” ಎಂದ. ಅವಳು “ಹೇಳಿ,” ಎಂದಾಗ, ಈ ಊರಿನಲ್ಲಿ ನದಿಯೇ ಇಲ್ಲವಲ್ಲ, ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅವನ ಬಾಯಿಂದ ಬಂತು. ಸಮುದ್ರದ ನೀರಿನಿಂದ ಉಪ್ಪು ತೆಗೆಯುತ್ತಾರೆ ಎಂದ ಡ್ರೈವರ್. ಉಳಿದ ದಾರಿಯುದ್ದಕ್ಕೂ ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರ್ ಉಪ್ಪು ತೆಗೆಯುವುದು ಹೇಗೆಂದು ವಿವರಿಸಿದ. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಸಂಜೆ, ಬೆಂಗಳೂರಿನ ಗೇಟು

ಅವಳ ವಿಮಾನ ಮೊದಲು. ಅವಳನ್ನು ಬಿಟ್ಟುಬರಲು ಬೆಂಗಳೂರಿನ ಗೇಟಿನವರೆಗೂ ಹೋದೆವು. ಕುರ್ಚಿಯಲ್ಲಿ ಅವಳು ಕುಳಿತಳು, ಅಣ್ಣ ಎದುರಿಗೆ ನಿಂತ. ಬೋರ್ಡಿಂಗ್ ಎಂದು ಕೂಗಿದರು, ಜನ ಸಾಲಾಗಿ ನಿಲ್ಲತೊಡಗಿದರು. ಆಗ ಅಣ್ಣ ಬಾಯಿ ತೆರೆದ.

“ಮೇಡಂ, ಯುಗಾದಿ ದಿನ ನೀವೊಂದು ಮಾತು ಕೇಳಿದ್ರಿ. ಈಗ ಅದನ್ನ ನಾ ಕೇಳಾಕತ್ತೀನಿ. ನಾವಿಬ್ರೂ ಮದುವಿ ಆಗೂಣೇನ್ರಿ?”

ನಾಗರತ್ನ ಅವನನ್ನು ನೋಡಿದಳು, ಕೈಯಲ್ಲಿದ್ದ ಬೋರ್ಡಿಂಗ್ ಪಾಸನ್ನು ನೋಡಿದಳು, ಎದ್ದು ಸೆರಗು ಸರಿಮಾಡಿಕೊಂಡಳು.

“ಛೇ ಛೇ, ಬೇಡ ಬಿಡಿ. ನಿಮಗ್ಯಾಕೆ ಸುಮ್ನೆ ತೊಂದರೆ.”

ಹೇಳಿ ಸಾಲಿನಲ್ಲಿ ಹೋಗಿ ನಿಂತಳು. ಅಣ್ಣನ ಮುಖ ಬಿಳಿಚಿಕೊಂಡಿತು. “ಹಾಂ. ಆತ್ರಿ,” ಎಂದ. “ತಪ್ಪು ತಿಳ್ಕೋಬ್ಯಾಡ್ರಿ.” ಚೀಲ ಎತ್ತಿಕೊಂಡು ಹೈದರಾಬಾದಿನ ಗೇಟಿನ ಕಡೆ ನಡೆದೇಬಿಟ್ಟ. ಹುಟ್ಟಿದಾಗಿನಿಂದ ಮೂರು ಸಲ ಕೇಳಿಸಿಕೊಂಡೇ ಉಂಡವನು, ಒಂದೇ ಸಲಕ್ಕೆ ಕೈಬಿಟ್ಟು ಹೊರಟಿದ್ದ.

ಸಾಲಿನಿಂದ ನಾಗರತ್ನ ಗಾಬರಿಯಾಗಿ ನನ್ನನ್ನು ಕೂಗಿದಳು. “ಏನೇ ಇದು, ಹೊರಟೇಬಿಟ್ರಲ್ಲಾ!”

ನಾನು ಓಡಿದೆ. ಸಿಂಹ ಅಟ್ಟಿಸಿಕೊಂಡು ಬಂದಿದ್ದರೂ ಈ ಮೊಣಕಾಲುಗಳನ್ನಿಟ್ಟುಕೊಂಡು ನಾನು ಅಷ್ಟು ಓಡುತ್ತಿರಲಿಲ್ಲ. ಅವನ ಚೀಲ ಹಿಡಿದೆಳೆದು ನಿಲ್ಲಿಸಿದೆ.

“ಎಲ್ಲಿ ಹೊಂಟಿ? ಆಕಿ ಅಂದಿದ್ದು ಮೈಸೂರು ಬ್ಯಾಡ ಅಲ್ಲೋ ಅಣ್ಣಾ, ನಮ್ಮ ಕಡೆ ಬ್ಯಾಡ! ಹೋಗಿ ಮತ್ತ ಕೇಳು!”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಚೀಲವನ್ನು ನನ್ನ ಕಾಲ ಮೇಲೆ ಹಾಕಿ ಹಿಂದಕ್ಕೆ ಧಾವಿಸಿದ. ಅಷ್ಟರಲ್ಲಿ ಅವಳು ಸಾಲಿನ ಮುಂದಿನ ತುದಿಗೆ ಮುಟ್ಟಿದ್ದಳು.

ಇಲ್ಲಿ ಒಂದು ಮಾತು ಹೇಳಬೇಕು. ಹೈದರಾಬಾದಿನಲ್ಲಿ ಕನ್ನಡ ನಮಗೆ ಮನೆಯೊಳಗಿನ ಭಾಷೆ. ಹೊಸಿಲು ದಾಟಿದರೆ ತೆಲುಗು, ಹಿಂದಿ. ಹೀಗಾಗಿ ಹೊರಗೆ ಗುಟ್ಟು ಹೇಳುವುದಿದ್ದರೆ ನಾವು ಪಿಸುಗುಟ್ಟುವುದಿಲ್ಲ, ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತೇವೆ. ಸೀರೆ ಅಂಗಡಿಯವನ ಎದುರಿಗೇ ಅವನ ಸೀರೆಯನ್ನೂ ಅವನ ಮೀಸೆಯನ್ನೂ ಆಡಿಕೊಂಡು ನಗುವ ಸುಖ ಬೆಂಗಳೂರಿನವರಿಗೆ ಗೊತ್ತಿಲ್ಲ. ಅಣ್ಣನೂ ಅದೇ ಧೈರ್ಯದಲ್ಲಿ, ಕಾಲುವೆಯ ಆ ದಡದಲ್ಲಿರುವ ಕೆಲಸದವರನ್ನು ಕರೆಯುವ ದನಿಯಲ್ಲಿ ಕೂಗಿದ.

“ಮೇಡಂ! ನಾ ನಿಮ್ಮನ್ನ ಮದುವಿ ಆಗ್ತೀನ್ರಿ! ಬ್ಯಾಡ ಅನಬ್ಯಾಡ್ರಿ! ಅವತ್ತು ನಾ ಸುಳ್ಳ ಬ್ಯಾಡ ಅಂದಿದ್ದೆ!”

ಬೆಂಗಳೂರಿನ ಗೇಟಿನ ಆ ಸಾಲಿಗೆ ಸಾಲೇ ತಿರುಗಿ ನೋಡಿತು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಹೆಂಗಸೊಬ್ಬಳು, “ಹೂಂ ಅನ್ನಿ ಆಂಟಿ, ಪಾಪ,” ಎಂದಳು. ಇನ್ನೊಬ್ಬರು, “ಬೇಗ ಹೇಳಿ ಮೇಡಂ, ಗೇಟ್ ಹಾಕ್ತಾರೆ,” ಎಂದರು. ತಾನು ಎಲ್ಲಿ ನಿಂತು ಯಾವ ಭಾಷೆಯಲ್ಲಿ ಕೂಗಿದೆನೆಂಬುದು ಅಣ್ಣನಿಗೆ ಆಗ ಹೊಳೆಯಿತು. ಕಿವಿಗಳು ಕೆಂಪಾದವು. ಆದರೆ ಅಲ್ಲಿಂದ ಕದಲಲಿಲ್ಲ. ಅವನನ್ನು ನೋಡಿ ನನಗೆ ಅಷ್ಟು ಹೆಮ್ಮೆಯಾದದ್ದು ಅದೇ ಮೊದಲು.

ನಾಗರತ್ನ ಕಣ್ಣೊರೆಸಿಕೊಂಡಳು. ನಗುತ್ತಲೂ ಇದ್ದಳು.

“ಬೇಡ!” ಎಂದಳು, ಎಲ್ಲರಿಗೂ ಕೇಳುವಂತೆ.

ಸಾಲಿನಿಂದ “ಅಯ್ಯೋ” ಎಂಬ ಉದ್ಗಾರ ಎದ್ದಿತು.

“ಎರಡಾಯ್ತು. ಮೂರನೇ ಸಲ ಮೈಸೂರಿಗೆ ಬಂದು ಕೇಳಿ. ನಮ್ಮಕ್ಕನ ಎದುರಿಗೆ. ಜಾಸ್ತಿ ದಿನ ಮಾಡ್ಬೇಡಿ.”

ಬೋರ್ಡಿಂಗ್ ಪಾಸ್ ತೋರಿಸಿ ಒಳಗೆ ಹೋದಳು. ಅವಳ ಹಿಂದಿದ್ದವರಿಗೆ ಏನೂ ಅರ್ಥವಾಗಲಿಲ್ಲ. ಪಾಪ ಅಂದ ಹೆಂಗಸು ಅಣ್ಣನನ್ನು ಬಹಳ ಕನಿಕರದಿಂದ ನೋಡುತ್ತ ಹೋದಳು. ಅಣ್ಣ ಮಾತ್ರ ಲಾಟರಿ ಹೊಡೆದವನಂತೆ ಅಲ್ಲೇ ನಿಂತು ಖಾಲಿ ಗೇಟಿಗೆ ಕೈಬೀಸುತ್ತಿದ್ದ.

ನಮ್ಮ ವಿಮಾನ ಮೇಲೇರಿತು. ಮಸ್ಕತ್ತಿನ ದೀಪಗಳು ಮರೆಯಾದ ಮೇಲೆ ಅಣ್ಣ ನನ್ನ ಕಡೆ ಬಾಗಿದ.

“ಗಿರಿಜಾ, ಕಾಚಿಗುಡದಿಂದ ಮೈಸೂರಿಗೆ ಸೀದಾ ಗಾಡಿ ಐತಲ್ಲ?”

“ಐತಿ.”

“ಇಳಿದ ಮ್ಯಾಲ ಟಿಕೆಟ್ ನೋಡು. ನಾಳಿದ್ದಿಂದು.”

“ನಾನೂ ಬರ್ಲೇನು? ಒಬ್ಬನ ಹೋಗಿ ಮತ್ತೇನರ ಎಡವಟ್ಟು ಮಾಡ್ಕೊಂಡಿ ಅಂದ್ರ?”

“ಬ್ಯಾಡ,” ಎಂದ.

ಅವನ ಮುಖ ನೋಡಿದೆ. ಎದೆಯ ಮೇಲೆ ಕೈಯಿಲ್ಲ, ನಗುವಿಲ್ಲ, ಕಾಯುವ ಕಣ್ಣಿಲ್ಲ. ಅಣ್ಣನ ಬಾಯಿಂದ ನಾನು ಕೇಳಿದ ಮೊದಲನೆಯ ಖರೇ ಬ್ಯಾಡ ಅದು. ನಾನು ಎರಡನೆಯ ಸಲ ಕೇಳಲಿಲ್ಲ.